ಜಾಣ ಮಗುವಿಗೂ ಕಲಿಕೆಯ ತೊಂದರೆ: ಶಾಲೆಯ ಜೊತೆ ನೆರವಿನ ಯೋಜನೆ ಮಾಡುವುದು ಹೇಗೆ?

ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಾಗುವುದಿಲ್ಲ ಎಂದು ಕೇಳಿದರೆ, ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ವಾಲಿದೆ ಎಂಬಲ್ಲಿಗೆ ಹೋಗಿ ವಿವರಿಸುವ ಮಗು. ಅದನ್ನೇ ಬರೆ ಅಂದರೆ ಎರಡು ಸಾಲಿಗೆ ಪೆನ್ಸಿಲ್ ಕೆಳಗಿಡುತ್ತದೆ. ‘ಬುದ್ಧಿ ಇದೆ, ಸೋಮಾರಿತನ ಜಾಸ್ತಿ’ ಎಂಬ ಮಾತು ಶಾಲೆಯಿಂದ ಬರುತ್ತದೆ.

ಸೋಮಾರಿತನ ಅಲ್ಲದೆಯೂ ಇರಬಹುದು. ಪ್ರತಿಭೆಯ ಜೊತೆಗೇ ಡಿಸ್‌ಲೆಕ್ಸಿಯಾ (ಓದುವ ತೊಂದರೆ), ಡಿಸ್‌ಗ್ರಾಫಿಯಾ (ಬರೆಯುವ ತೊಂದರೆ), ಎಡಿಎಚ್‌ಡಿ (ಗಮನ ನಿಲ್ಲದಿರುವ, ಚಡಪಡಿಸುವ ತೊಂದರೆ) ಅಥವಾ ಆಟಿಸಂ (ಇತರರೊಡನೆ ಬೆರೆಯುವ, ಸಂವಹಿಸುವ ರೀತಿಯೇ ಬೇರೆಯಾಗಿರುವುದು) ಇರುವ ಮಕ್ಕಳಿದ್ದಾರೆ. ಜಾಣತನ ತೊಂದರೆಯನ್ನು ಮುಚ್ಚುತ್ತದೆ, ತೊಂದರೆ ಜಾಣತನವನ್ನು. ಅಂಕಪಟ್ಟಿಯಲ್ಲಿ ಕಾಣುವುದು ಸಾಧಾರಣ ಮಗು. ‘ಪಾಸಾಗ್ತಿದೆಯಲ್ಲ, ಇನ್ನೇನು ಬೇಕು?’ ಎಂದು ಶಾಲೆ ಕೇಳುವುದು ಇದಕ್ಕೇ.

ಮೊದಲು ಪುರಾವೆ ಕೂಡಿಸಿ. ಒಂದೇ ಪಾಠದ ಬಗ್ಗೆ ಮಗು ಮಾತಾಡಿದ್ದನ್ನು ರೆಕಾರ್ಡ್ ಮಾಡಿ, ಕೈಯಲ್ಲಿ ಬರೆದ ಹಾಳೆಯನ್ನೂ ಪಕ್ಕಕ್ಕಿಡಿ. ಹೋಂವರ್ಕ್‌ಗೆ ಎಷ್ಟು ಹೊತ್ತು ಹಿಡಿಯಿತು ಎಂದು ತಾರೀಖು ಹಾಕಿ ಬರೆಯಿರಿ. ದೂರಿನ ಪತ್ರಕ್ಕಿಂತ ಇದು ಬೇಗ ಅರ್ಥವಾಗುತ್ತದೆ.

ಮನಶ್ಶಾಸ್ತ್ರಜ್ಞರ ವರದಿಯಲ್ಲಿ ಒಟ್ಟು ಐಕ್ಯೂ ಒಂದನ್ನೇ ನೋಡಬೇಡಿ. ಮಕ್ಕಳ ಬುದ್ಧಿಮತ್ತೆ ಅಳೆಯುವ ವಿಸ್ಕ್-5 (WISC-V) ಪರೀಕ್ಷೆಯಲ್ಲಿ ಐದು ವಿಭಾಗಗಳಿವೆ, ಪ್ರತಿಯೊಂದರ ಸರಾಸರಿ 100. ಮಾತಿನ ಗ್ರಹಿಕೆ 135 ಇದ್ದು, ಕೆಲಸದ ವೇಗ 85ಕ್ಕೆ ನಿಂತಿದೆ ಅಂದುಕೊಳ್ಳಿ. ಒಟ್ಟು ಅಂಕದಲ್ಲಿ ಈ ಎರಡೂ ಕಾಣೆಯಾಗುತ್ತವೆ. ವಿಭಾಗವಾರು ಅಂಕ ಕೇಳಿ ಪಡೆಯಿರಿ.

ಯೋಜನೆ ಬರೆಯುವಾಗ ಪ್ರತಿಭೆಯಿಂದಲೇ ಶುರು ಮಾಡಿ. ಇಲ್ಲೇ ಹೆಚ್ಚಿನವರು ಎಡವುವುದು. ‘ಮೊದಲು ಕೈಬರಹ ಸರಿಹೋಗಲಿ, ಆಮೇಲೆ ಮುಂದಿನ ಗಣಿತ’ ಎಂಬ ಷರತ್ತಿಗೆ ಒಪ್ಪಬೇಡಿ. ಮಗು ಇಷ್ಟಪಡುವ ತರಗತಿಯನ್ನು ಕಿತ್ತು ಆ ಹೊತ್ತಿನಲ್ಲಿ ಕಾಪಿ ಬರೆಸುವುದಂತೂ ಬೇಡವೇ ಬೇಡ. ಕಷ್ಟದ ಪಾಠವೂ ಇರಲಿ, ನೆರವೂ ಇರಲಿ, ಎರಡೂ ಒಂದೇ ಹಾಳೆಯಲ್ಲಿ.

‘ಬರವಣಿಗೆ ಸುಧಾರಿಸುವುದು’ ಎಂದು ಸುಮ್ನೆ ಬರೆದರೆ ಯಾರೂ ಏನೂ ಮಾಡುವುದಿಲ್ಲ. ಹೀಗೆ ಬರೆಸಿ: ‘ವಿಜ್ಞಾನದ ಉತ್ತರವನ್ನು ಟೈಪ್ ಮಾಡಿ ಅಥವಾ ಬಾಯಲ್ಲಿ ಹೇಳಿ ಕೊಡಬಹುದು. ಅಂಕ ವಿಷಯಕ್ಕೆ ಮಾತ್ರ. ಗೊತ್ತಿರುವ ಲೆಕ್ಕ ಹತ್ತರ ಬದಲು ಮೂರು ಸಾಕು, ಉಳಿದ ಹೊತ್ತಿಗೆ ಮುಂದಿನ ಹಂತದ ಒಂದು ಸಮಸ್ಯೆ.’ ಹೆಚ್ಚುವರಿ ಸಮಯ, ಆಡಿಯೊ ಪುಸ್ತಕ, ಗದ್ದಲವಿಲ್ಲದ ಜಾಗ ಇವನ್ನೂ ಹೀಗೇ ಬಿಡಿಸಿ ಬರೆಯಬೇಕು. ಪ್ರತಿ ಸಾಲಿನ ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬ ಹೆಸರೂ ಇರಲಿ.

ಇದೆಲ್ಲ ವಿಶೇಷ ರಿಯಾಯಿತಿ ಎಂದು ಯಾರಾದರೂ ಗೊಣಗಿದರೆ, ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದ 24ನೇ ವಿಧಿ ತೋರಿಸಿ. ಶಿಕ್ಷಣದಲ್ಲಿ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಎಂದು ಅದರಲ್ಲೇ ಇದೆ.

ಮಗುವನ್ನೂ ಮೀಟಿಂಗ್‌ಗೆ ಕೂರಿಸಿಕೊಳ್ಳಿ. ಎಲ್ಲರೆದುರು ಲ್ಯಾಪ್‌ಟಾಪ್ ತೆಗೆಯಲು ನಾಚಿಕೆಯಾದರೆ ಆ ನೆರವು ಬ್ಯಾಗಿನಲ್ಲೇ ಉಳಿಯುತ್ತದೆ, ಅಲ್ವಾ? ಟೈಪಿಂಗ್ ಅಭ್ಯಾಸ ತಿಂಗಳುಗಳ ಮೊದಲೇ ಶುರುವಾಗಲಿ, ಪರೀಕ್ಷೆಯ ದಿನ ಅಲ್ಲ. ಪ್ರತಿ ಅವಧಿಯ ಕೊನೆಗೆ ಒಮ್ಮೆ ಕೂತು, ಉಪಯೋಗಕ್ಕೆ ಬಾರದ್ದನ್ನು ಹೊಡೆದುಹಾಕಿ. ತರಗತಿ ಬದಲಾದಾಗ ಹೊಸ ಶಿಕ್ಷಕರ ಕೈಗೆ ಪ್ರತಿಯನ್ನು ನೀವೇ ಕೊಡಿ. ಹಳೆಯ ಫೈಲು ತಾನಾಗಿ ಅವರ ಮೇಜಿಗೆ ಹೋಗುವುದು ಅಪರೂಪ.