ಹಾಸ್ಟೆಲ್ ಲ್ಯಾಪ್‌ಟಾಪಿನಲ್ಲಿ ಮಿದುಳಿನ ಮೈಟೋಕಾಂಡ್ರಿಯ ಬಿಡಿಸುವುದು ಹೇಗೆ

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡುವವರಿರಲಿ, ಮಂಡ್ಯದಲ್ಲಿ ಡಿಗ್ರಿ ಓದುವವರಿರಲಿ, ಕೊರಗು ಒಂದೇ. ಮಿದುಳಿನ ಅಂಗಾಂಶವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮೂರು ಆಯಾಮದಲ್ಲಿ ನೋಡುವ ಆಸೆ ಇದೆ, ಆದರೆ ಕೋಟಿಗಟ್ಟಲೆ ಬೆಲೆಯ ಆ ಯಂತ್ರ ಎಲ್ಲಿಂದ ತರೋದು? ತರೋದೇ ಬೇಡ. ಯಂತ್ರ ಇರುವವರು ಚಿತ್ರ ತೆಗೆದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಕೂತು ನೋಡುವ ಕಣ್ಣುಗಳಿಗೇ ಬರ. ಅಂಥ ಚಿತ್ರಗಳಲ್ಲಿ ಒಂದು ಮೈಟೋಕಾಂಡ್ರಿಯವನ್ನು, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗವನ್ನು, ಗೆರೆ ಎಳೆದು ಬೇರ್ಪಡಿಸುವುದು ಹೇಗೆ ಅಂತ ನೋಡೋಣ.

ಚಿತ್ರ ಹೇಗೆ ಹುಟ್ಟುತ್ತದೆ ಅಂತ ಮೊದಲು ತಿಳಿದಿರಲಿ, ಮುಂದಿನ ಗೊಂದಲದಲ್ಲಿ ಅರ್ಧ ಇಲ್ಲಿಂದಲೇ ಬರುತ್ತದೆ. ಹಳೆಯ ದಾರಿಯಲ್ಲಿ ರಾಳದಲ್ಲಿ ಗಟ್ಟಿ ಮಾಡಿದ ಅಂಗಾಂಶವನ್ನು ವಜ್ರದ ಚಾಕುವಿನಿಂದ 40-50 ನ್ಯಾನೊಮೀಟರ್ ದಪ್ಪಕ್ಕೆ ಸೀಳಿ, ಒಂದೊಂದು ಸೀಳಿನದೂ ಚಿತ್ರ ತೆಗೆಯುತ್ತಾರೆ. ಸಿ. ಎಲಿಗನ್ಸ್ ಹುಳುವಿನ 302 ನರಕೋಶಗಳ ನಕ್ಷೆ 1986ರಲ್ಲಿ ಬಂದಿದ್ದು ಹೀಗೇ. 2004ರಲ್ಲಿ ಡೆಂಕ್ ಮತ್ತು ಹಾರ್ಸ್ಟ್‌ಮನ್ ಎಂಬ ವಿಜ್ಞಾನಿಗಳು ಚಾಕುವನ್ನೇ ಮೈಕ್ರೋಸ್ಕೋಪಿನ ಒಳಗೆ ಕೂರಿಸಿದರು. ತುಂಡಿನ ಮೇಲ್ಮೈ ಚಿತ್ರ ತೆಗಿ, ತೆಳ್ಳಗೆ ಹೆರೆ, ಮತ್ತೆ ತೆಗಿ. ಇನ್ನೊಂದು ದಾರಿ ಫಿಬ್-ಸೆಮ್ (ಫೋಕಸ್ಡ್ ಅಯಾನ್ ಬೀಮ್ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ). ಅದರಲ್ಲಿ ಚಾಕುವಿನ ಬದಲು ಅಯಾನುಗಳ ಕಿರಣ 4-8 ನ್ಯಾನೊಮೀಟರ್‌ನಷ್ಟೇ ಕೆರೆಯುತ್ತದೆ. ಹೊಸಬರು ಫಿಬ್-ಸೆಮ್ ಡೇಟಾದಿಂದಲೇ ಶುರು ಮಾಡಿ. ಕಾರಣ ಆಮೇಲೆ ತಾನಾಗಿ ಗೊತ್ತಾಗುತ್ತದೆ.

ದಯವಿಟ್ಟು ದೊಡ್ಡದಕ್ಕೆ ಕೈ ಹಾಕಬೇಡಿ. 2024ರಲ್ಲಿ ಬಂದ ಮನುಷ್ಯನ ಮಿದುಳಿನ ಸುಮಾರು ಒಂದು ಘನ ಮಿಲಿಮೀಟರ್ ಡೇಟಾ 1.4 ಪೆಟಾಬೈಟ್, ಅಂದರೆ 14 ಲಕ್ಷ ಜಿಬಿ ಇದೆ. ಬ್ರೌಸರಿನಲ್ಲಿ ನ್ಯೂರೋಗ್ಲಾನ್ಸರ್ ಅನ್ನುವ ವೀಕ್ಷಕ ತೆಗೆದು ಅದನ್ನು ಸುಮ್ನೆ ನೋಡಬಹುದು, ಬೆರಗಾಗಬಹುದು, ಆದರೆ ಕೆಲಸ ಕಲಿಯೋಕೆ ಅದಲ್ಲ. ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಸಂಸ್ಥೆಯವರು ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಸಿಎ1 ಅನ್ನುವ ಭಾಗದ ಫಿಬ್-ಸೆಮ್ ಡೇಟಾ ಬಿಟ್ಟಿದ್ದಾರೆ. ಇಡೀ ತುಂಡು 3 ಜಿಬಿ ದಾಟುತ್ತದೆ, ಅದು ಬೇಡ. ಅದರಿಂದಲೇ ಕತ್ತರಿಸಿದ ಸಣ್ಣ ತುಂಡುಗಳಿವೆ: 165 ಸ್ಲೈಸ್, ಒಂದೊಂದೂ 1024×768 ಪಿಕ್ಸೆಲ್, ಹತ್ತಿರ ಹತ್ತಿರ 130 ಎಂಬಿ. ಹಾಸ್ಟೆಲ್ ವೈಫೈಗೂ ಸಾಕು. ಮೈಟೋಕಾಂಡ್ರಿಯಗಳನ್ನು ಗುರುತಿಸಿದ ಲೇಬಲ್ ಫೈಲ್ ಜೊತೆಗೇ ಸಿಗುತ್ತದೆ. ಅದನ್ನು ಡೌನ್‌ಲೋಡ್ ಮಾಡಿ, ಆದರೆ ಈಗಲೇ ತೆರೆಯಬೇಡಿ.

ಫಿಜಿ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು ಸ್ಟ್ಯಾಕ್, ಅಂದರೆ ಆ ಸ್ಲೈಸ್‌ಗಳ ಕಟ್ಟು, ತೆರೆಯಿರಿ. ಬೇರೆ ಏನೂ ಮುಟ್ಟುವ ಮೊದಲು ಇಮೇಜ್ ಮೆನುವಿನ ಪ್ರಾಪರ್ಟೀಸ್‌ಗೆ ಹೋಗಿ ವೋಕ್ಸೆಲ್ (ಆಳವೂ ಇರುವ ಪಿಕ್ಸೆಲ್) ಅಳತೆ ತುಂಬಿ. ಈ ಡೇಟಾದಲ್ಲಿ ಅಗಲ, ಎತ್ತರ, ಆಳ ಮೂರೂ 5 ನ್ಯಾನೊಮೀಟರ್. ಇದನ್ನು ಬಿಟ್ಟವರ ಲೆಕ್ಕವೆಲ್ಲ ಹಾಳು. ನಾಳೆ ಚಾಕುವಿನಿಂದ ಹೆರೆದ ಡೇಟಾ ತೆಗೆದುಕೊಂಡರೆ ಆಳ 30 ಇರಬಹುದು, ಅದನ್ನು 5 ಅಂತ ಬಿಟ್ಟರೆ ಮೈಟೋಕಾಂಡ್ರಿಯ ಅಪ್ಪಚ್ಚಿಯಾಗಿ ಕಾಣುತ್ತದೆ, ಗಾತ್ರ ಆರು ಪಟ್ಟು ಕಮ್ಮಿ ಬರುತ್ತದೆ, ಮತ್ತು ಫಿಜಿ ನಿಮಗೆ ಒಂದು ಮಾತೂ ಹೇಳುವುದಿಲ್ಲ.

ಈಗ ಮೌಸ್ ಉರುಳಿಸುತ್ತಾ ಹಿಂದೆ ಮುಂದೆ ಹೋಗಿ. ಅರ್ಧ ಗಂಟೆ ಏನೂ ಗೆರೆ ಎಳೆಯಬೇಡಿ, ನೋಡಿ ಅಷ್ಟೇ. ಕಪ್ಪು ಗೆರೆಗಳೆಲ್ಲ ಪೊರೆಗಳು. ಎರಡು ಪೊರೆ, ಒಳಗೆ ಮಡಿಕೆ ಮಡಿಕೆ, ಸುತ್ತಲಿಗಿಂತ ಸ್ವಲ್ಪ ಗಾಢ ಬಣ್ಣ, ಅದು ಮೈಟೋಕಾಂಡ್ರಿಯ. ಸುಮಾರು 40 ನ್ಯಾನೊಮೀಟರಿನ ಸಣ್ಣ ಗುಂಡುಗಳು ಗುಂಪಾಗಿದ್ದು, ಎದುರಿಗಿರುವ ಪೊರೆ ದಪ್ಪಗೆ ಕಪ್ಪಾಗಿದ್ದರೆ ಅಲ್ಲೊಂದು ಸಿನಾಪ್ಸ್, ಎರಡು ನರಕೋಶಗಳು ಸಂದೇಶ ದಾಟಿಸುವ ಜಾಗ.

ಎಲ್ಲರೂ ಸಿಕ್ಕಿಬೀಳುವ ಜಾಗ ಮುಂದೆ ಬರುತ್ತದೆ. ಪೊರೆಯೊಂದು ಕತ್ತರಿಸಿದ ದಿಕ್ಕಿನಲ್ಲೇ ಮಲಗಿದ್ದರೆ ಅದು ಗೆರೆಯಾಗಿ ಕಾಣುವುದಿಲ್ಲ, ಬರೀ ಬೂದು ಮಬ್ಬು. ಅಲ್ಲಿ ಎರಡು ಮೈಟೋಕಾಂಡ್ರಿಯ ಇವೆಯಾ, ಒಂದೇನಾ, ಗೊತ್ತಾಗಲ್ಲ. ಊಹೆ ಮಾಡಬೇಡಿ. ಇಮೇಜ್, ಸ್ಟ್ಯಾಕ್ಸ್, ಆರ್ಥೋಗೊನಲ್ ವ್ಯೂಸ್ ಒತ್ತಿ. ಅದೇ ಜಾಗ ಪಕ್ಕದಿಂದ ಕಾಣುತ್ತದೆ, ಮಬ್ಬಾಗಿದ್ದ ಪೊರೆ ಅಲ್ಲಿ ಚೊಕ್ಕ ಗೆರೆಯಾಗಿರುತ್ತದೆ. ಫಿಬ್-ಸೆಮ್‌ನಿಂದ ಶುರು ಮಾಡಿ ಅಂದಿದ್ದು ಇದಕ್ಕೇ. ಮೂರು ಕಡೆಯೂ ಒಂದೇ ಅಳತೆ ಇರುವುದರಿಂದ ಯಾವ ಕಡೆಯಿಂದ ನೋಡಿದರೂ ಅಷ್ಟೇ ಸ್ಪಷ್ಟ. 30 ನ್ಯಾನೊಮೀಟರ್ ಸ್ಲೈಸ್‌ಗಳಲ್ಲಿ ಪಕ್ಕದ ನೋಟ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ.

ಇನ್ನೊಂದು ವಿಷಯ, ಒಂದೇ ಸ್ಲೈಸ್ ನೋಡಿ ಎಣಿಸಬೇಡಿ. ಬಾಗಿದ ಒಂದೇ ಮೈಟೋಕಾಂಡ್ರಿಯ ಒಂದು ಸ್ಲೈಸ್‌ನಲ್ಲಿ ಮೂರು ಬೇರೆ ಬೇರೆ ದುಂಡುಗಳಾಗಿ ಕಾಣಬಹುದು. ಪಠ್ಯಪುಸ್ತಕದಲ್ಲಿ ಕಡಲೆಬೀಜದ ಹಾಗೆ ಬರೆದು ಬರೆದು ನಮ್ಮ ಕಣ್ಣನ್ನೇ ಕೆಡಿಸಿದ್ದಾರೆ ಬಿಡಿ.

ಬಿಡಿಸುವುದಕ್ಕೆ ಒಂದನ್ನು ಆರಿಸಿಕೊಳ್ಳಿ, ಸ್ಟ್ಯಾಕಿನೊಳಗೇ ಶುರುವಾಗಿ ಒಳಗೇ ಮುಗಿಯುವಂಥದ್ದು. ಹೊರಪೊರೆಯ ಸುತ್ತ ಗೆರೆ ಎಳೆದು, ಗುರುತಿಸಿದ ಜಾಗಗಳನ್ನು (ಆರ್‌ಒಐ) ಕೂಡಿಡುವ ಫಿಜಿಯ ಆರ್‌ಒಐ ಮ್ಯಾನೇಜರಿಗೆ ಸೇರಿಸಿ. ಪ್ರತಿ ಸ್ಲೈಸ್‌ನಲ್ಲೂ ಎಳೆಯುವ ಅಗತ್ಯ ಇಲ್ಲ. ಎಂಟು ಹತ್ತು ಸ್ಲೈಸ್‌ಗೆ ಒಂದು ಎಳೆದು, ಮೋರ್ ಗುಂಡಿಯಲ್ಲಿರುವ ಇಂಟರ್‌ಪೊಲೇಟ್ ಆರ್‌ಒಐಸ್ ಒತ್ತಿದರೆ ನಡುವಿನದನ್ನು ಅದೇ ತುಂಬುತ್ತದೆ. ಆಕಾರ ಥಟ್ಟನೆ ಬದಲಾಗುವ ಕಡೆ ಮಾತ್ರ ನೀವೇ ಎಳೆಯಿರಿ. ಆಗಾಗ ಸೇವ್ ಮಾಡಿ, ಕರೆಂಟ್ ಹೋದರೆ ಹಳೇ ಬ್ಯಾಟರಿ ಎಷ್ಟು ಹೊತ್ತು ಕಾಯುತ್ತದೆ ಅಂತ ನಿಮಗೇ ಗೊತ್ತು. ಒಳಗೆ ಬಂದ ವೋಕ್ಸೆಲ್‌ಗಳನ್ನು ಎಣಿಸಿ 5×5×5, ಅಂದರೆ 125 ಘನ ನ್ಯಾನೊಮೀಟರಿನಿಂದ ಗುಣಿಸಿದರೆ ಗಾತ್ರ ಸಿಕ್ಕಿತು. ಹತ್ತು ಲಕ್ಷ ವೋಕ್ಸೆಲ್ ಬಂದರೆ 0.125 ಘನ ಮೈಕ್ರೋಮೀಟರ್. ಆಕಾರ ನೋಡಲು ಪ್ಲಗಿನ್ಸ್‌ನಲ್ಲಿ 3ಡಿ ವ್ಯೂವರ್ ಇದೆ.

ಈಗ ಆ ಲೇಬಲ್ ಫೈಲ್ ತೆರೆಯಿರಿ. ನೀವು ಬಿಡಿಸಿದ ಆ ಒಂದು ಮೈಟೋಕಾಂಡ್ರಿಯದ ಮಟ್ಟಿಗೆ, ನೀವೂ ಲೇಬಲ್ ಮಾಡಿದವರೂ ಇಬ್ಬರೂ ಒಪ್ಪಿದ ವೋಕ್ಸೆಲ್‌ಗಳನ್ನು, ಯಾರಾದರೂ ಒಬ್ಬರು ಗುರುತಿಸಿದ ಒಟ್ಟು ವೋಕ್ಸೆಲ್‌ಗಳಿಂದ ಭಾಗಿಸಿ. 1ರ ಹತ್ತಿರ ಬಂದಷ್ಟೂ ಒಳ್ಳೆಯದು. ಅಂಚಿನಲ್ಲಿ ಒಂದೆರಡು ವೋಕ್ಸೆಲ್ ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಇಡೀ ಒಂದು ಕವಲು ತಪ್ಪಿದ್ದರೆ ಮಾತ್ರ ಮತ್ತೆ ಪಕ್ಕದ ನೋಟಕ್ಕೆ ಹೋಗಿ ಯಾಕೆ ತಪ್ಪಿತು ಅಂತ ಹುಡುಕಿ.

ಸ್ಲೈಸ್‌ಗಳು ಅತ್ತ ಇತ್ತ ಅಲುಗಾಡಿರುವ ಡೇಟಾ ಸಿಕ್ಕರೆ ರಿಜಿಸ್ಟ್ರೇಶನ್ ಮೆನುವಿನಲ್ಲಿ ಸಿಫ್ಟ್ (ಚಿತ್ರಗಳಲ್ಲಿ ಹೊಂದುವ ಗುರುತು ಹುಡುಕುವ ವಿಧಾನ) ಬಳಸಿ ಜೋಡಿಸುವ ಪ್ಲಗಿನ್ ಇದೆ. ಆದರೆ ಜೋಪಾನ. ನಂಜನಗೂಡು ರಸಬಾಳೆಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಒಂದರ ಮೇಲೊಂದು ನೇರವಾಗಿ ಪೇರಿಸಿದರೆ ಕೊನೆಗೆ ಸಿಗುವುದು ನೆಟ್ಟಗಿರುವ ಕಂಬ, ಬಾಳೆಹಣ್ಣಿನ ಬಾಗು ಹೋಗಿರುತ್ತದೆ. ಈ ತೊಂದರೆಯನ್ನು ಆ ಕ್ಷೇತ್ರದವರೂ ಬಾಳೆಹಣ್ಣಿನ ಸಮಸ್ಯೆ ಅಂತಲೇ ಕರೆಯುತ್ತಾರೆ. ನಿಜವಾಗಿ ಓರೆಯಾಗಿ ಹೋಗುವ ಆಕ್ಸಾನನ್ನು, ಅಂದರೆ ನರಕೋಶದ ಉದ್ದನೆಯ ಎಳೆಯನ್ನು, ತಂತ್ರಾಂಶ ನೆಟ್ಟಗೆ ನಿಲ್ಲಿಸಿಬಿಡುತ್ತದೆ.

ಇಷ್ಟೆಲ್ಲ ಕೈಯಲ್ಲಿ ಯಾಕೆ, ಎಐ ಮಾಡಲ್ವಾ ಅನ್ನುತ್ತೀರಿ. ಮಾಡುತ್ತದೆ, ಲ್ಯಾಬ್‌ಕಿಟ್ ಅಥವಾ ಇಲಾಸ್ಟಿಕ್ ಅನ್ನುವ ತಂತ್ರಾಂಶಕ್ಕೆ ನಾಲ್ಕು ಕಡೆ ಬಣ್ಣ ಬಳಿದು ತೋರಿಸಿದರೆ ಉಳಿದದ್ದನ್ನು ಅದೇ ಗುರುತಿಸುತ್ತದೆ. ಆದರೆ ಅದೂ ಎಡವುವುದು ಅದೇ ಬೂದು ಮಬ್ಬಿನಲ್ಲಿ: ಎರಡನ್ನು ಒಂದು ಮಾಡುತ್ತದೆ, ಇಲ್ಲಾ ಒಂದನ್ನು ಎರಡು ಮಾಡುತ್ತದೆ. 2024ರಲ್ಲಿ ಪ್ರಕಟವಾದ ಹಣ್ಣುನೊಣದ ಇಡೀ ಮಿದುಳಿನ ನಕ್ಷೆಯಲ್ಲಿ 1,39,255 ನರಕೋಶಗಳಿವೆ. ಯಂತ್ರ ಮೊದಲು ಬಿಡಿಸಿದ ಮೇಲೆ ವಿಜ್ಞಾನಿಗಳ ಜೊತೆ ಸಾಮಾನ್ಯ ಜನರೂ ಕೂತು ಅದರ ತಪ್ಪು ತಿದ್ದಿದರು.

ಮುಂದೆ ನಿಮ್ಮದೇ ಸ್ಯಾಂಪಲ್ ಬೇರೆ ಊರಿನ ಯಂತ್ರಕ್ಕೆ ಕಳಿಸುವ ಯೋಗ ಬಂದರೆ, ತಯಾರಿಗೆ ಮೊದಲೇ ಆ ಲ್ಯಾಬಿನವರ ಹತ್ತಿರ ಮಾತಾಡಿ. ತೆಳು ಸೀಳಿನ ಮೂಲಕ ಎಲೆಕ್ಟ್ರಾನ್ ಹಾಯಿಸುವ ಮಾಮೂಲಿ ಮೈಕ್ರೋಸ್ಕೋಪಿಗೆ (ಟೆಮ್) ಸೀಳಿದ ಮೇಲೆ ಬಣ್ಣ ಕಟ್ಟಬಹುದು. ಚಾಕು ಒಳಗಿರುವ ಯಂತ್ರಕ್ಕೂ ಫಿಬ್-ಸೆಮ್‌ಗೂ ಹಾಗಾಗಲ್ಲ, ರಾಳಕ್ಕೆ ಹಾಕುವ ಮೊದಲೇ ಆಸ್ಮಿಯಂ, ಯುರೇನಿಲ್, ಸೀಸ ಅನ್ನುವ ಭಾರಲೋಹದ ಬಣ್ಣ ಎಲ್ಲ ಇಡೀ ತುಂಡಿಗೆ ಇಳಿದಿರಬೇಕು. ಆಸ್ಮಿಯಂ ನಿಧಾನಕ್ಕೆ ಇಳಿಯುವುದರಿಂದ ತುಂಡು ಒಂದು ಮಿಲಿಮೀಟರ್‌ಗಿಂತ ತೆಳ್ಳಗಿರಲಿ. ಅದರ ಆವಿ ಕಣ್ಣು ಹಾಳು ಮಾಡುತ್ತದೆ, ಫ್ಯೂಮ್ ಹುಡ್ ಇಲ್ಲದ ಕಡೆ ಸೀಸೆಯ ಮುಚ್ಚಳ ತೆಗೆಯಬೇಡಿ. ಪ್ರಾಣಿಯ ಅಂಗಾಂಶವಾದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಕೈಗೆ ಬರಲಿ, ಆಮೇಲೆ ಉಳಿದದ್ದು.