ಅಘನಾಶಿನಿಯಲ್ಲಿ ಹಕ್ಕಿ ನೋಡಬೇಕಾ? ಮೊದಲು ಪಂಚಾಂಗ ತೆಗೀರಿ

ಮೊದಲ ಸಲ ಅಘನಾಶಿನಿ ಅಳಿವೆಗೆ, ಅಂದರೆ ಕುಮಟಾ ಹತ್ತಿರ ಆ ಹೊಳೆ ಕಡಲು ಸೇರುವ ಜಾಗಕ್ಕೆ, ಹಕ್ಕಿ ನೋಡಲು ಹೋದಾಗ ನಾವು ಐದು ಜನ ರಜೆ ಯಾವಾಗ ಅಂತ ನೋಡಿದೆವೇ ಹೊರತು ತಿಥಿ ಯಾವುದು ಅಂತ ನೋಡಲಿಲ್ಲ. ಅವತ್ತು ಅಷ್ಟಮಿ. ಬೆಳಿಗ್ಗೆ ತಿಂಡಿ ತಿಂದು ಆರಾಮಾಗಿ ಹತ್ತೂವರೆಗೆ ದಡಕ್ಕೆ ಬಂದು ನಿಂತರೆ ನೀರೇ ಇಲ್ಲ. ಕಣ್ಣು ಹಾಯುವಷ್ಟು ದೂರ ಕೆಸರು, ಅದರ ಆಚೆ ತುದಿಯಲ್ಲಿ ಯಾರೋ ಎಳ್ಳು ಚೆಲ್ಲಿದ ಹಾಗೆ ಒಂದಿಷ್ಟು ಚುಕ್ಕಿ. ‘ಅದು ಕರ್ಲ್ಯೂ ಸರ್, ಈಚೆಗಿರೋದು ರೆಡ್‌ಶ್ಯಾಂಕ್’ ಅಂತ ಗೈಡ್ ತೋರಿಸುತ್ತಲೇ ಇದ್ದ, ನಾವು ತಲೆ ಆಡಿಸುತ್ತಲೇ ಇದ್ದೆವು. ಬಿಸಿಲಿನ ಝಳಕ್ಕೆ ದುರ್ಬೀನಿನಲ್ಲೂ ಎಲ್ಲ ಚುಕ್ಕಿಗಳು ಕುಣಿಯುತ್ತಿದ್ದವು.

ಆಮೇಲೆ ಮೂರ್ನಾಲ್ಕು ಸಲ ಹೋಗಿ ಬಂದ ಮೇಲೆ ಹೇಳುತ್ತಿದ್ದೇನೆ. ಕಾಡಿನ ಹಕ್ಕಿಗೆ ಬೇಗ ಏಳಬೇಕು, ಅಷ್ಟೇ. ಅಳಿವೆಯ ಹಕ್ಕಿಗೆ ಭರತ-ಇಳಿತದ, ಅಂದರೆ ಕಡಲಿನ ಉಬ್ಬರವಿಳಿತದ ಲೆಕ್ಕ ಬೇಕು.

ಲೆಕ್ಕ ಕಷ್ಟದ್ದೇನಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಹಗಲಿನ ಭರತ ಹೆಚ್ಚುಕಡಿಮೆ 11 ಗಂಟೆಯ ಹೊತ್ತಿಗೆ ತುಂಬುತ್ತದೆ. ಅಂದರೆ ಬೆಳಕು ಹರಿಯುವಾಗ ಕೆಸರೆಲ್ಲ ಬಿಚ್ಚಿಕೊಂಡಿರುತ್ತದೆ, ಹಕ್ಕಿಗಳು ಹರಡಿಕೊಂಡು ಮೇಯುತ್ತಿರುತ್ತವೆ, ನೀರು ಏರುತ್ತಾ ಏರುತ್ತಾ ಅವನ್ನು ತಾನಾಗಿಯೇ ನಿಮ್ಮ ಕಡೆ ತಳ್ಳಿಕೊಂಡು ಬರುತ್ತದೆ. ನೀವು ಸುಮ್ನೆ ಕೂತಿದ್ದರೆ ಸಾಕು. ಅಷ್ಟಮಿಗೆ ಎಲ್ಲ ತಿರುಗಾ ಮುರುಗಾ. ಹಾಗಾಗಿ ತ್ರಯೋದಶಿಯಿಂದ ಬಿದಿಗೆಯೊಳಗೆ ಶನಿವಾರ-ಭಾನುವಾರ ಬೀಳುವ ವಾರ ಹುಡುಕಿ. ನಿಖರ ಸಮಯಕ್ಕೆ ಕಾರವಾರದ ಉಬ್ಬರವಿಳಿತದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಅಳಿವೆಯ ಒಳಗೆ ಹೋದಷ್ಟೂ ನೀರು ಇನ್ನೊಂಚೂರು ತಡವಾಗಿ ಏರುತ್ತದೆ ಅನ್ನುವುದು ನೆನಪಿರಲಿ.

ತಿಂಗಳು ಯಾವುದು? ನನ್ನ ಕೇಳಿದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ಮುಗಿಯುವವರೆಗೆ. ಡಿಸೆಂಬರಿನಲ್ಲಿ ಹವೆ ಚೆನ್ನಾಗಿರುತ್ತದೆ ನಿಜ, ಆದರೆ ಆಗ ದಡದ ಹಕ್ಕಿಗಳೆಲ್ಲ ಒಂದೇ ಬೂದು ಅಂಗಿ ತೊಟ್ಟ ಶಾಲೆ ಮಕ್ಕಳ ಹಾಗೆ ಕಾಣುತ್ತವೆ. ವಸಂತದಲ್ಲಿ ಈ ವಲಸೆ ಹಕ್ಕಿಗಳು ಹಿಮಾಲಯದ ಆಚೆಗೆ ವಾಪಸ್ ಹೊರಡುವ ತಯಾರಿಯಲ್ಲಿರುತ್ತವೆ. ಹೊಟ್ಟೆ ಬಿರಿಯೆ ತಿನ್ನುತ್ತವೆ, ಪುಕ್ಕದ ಬಣ್ಣ ಬದಲಾಗುತ್ತದೆ. ಸ್ಯಾಂಡ್ ಪ್ಲವರ್‌ನ ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಚಳಿಗಾಲವಿಡೀ ಬಿಳಿ ತಲೆಯಲ್ಲಿದ್ದ ಕಡಲಕ್ಕಿಗೆ (ಗಲ್) ಕಂದು ಟೊಪ್ಪಿ ಬರುತ್ತದೆ. ಅರ್ಧ ಬದಲಾದವು, ಪೂರ್ತಿ ಬದಲಾದವು, ಇನ್ನೂ ಬದಲಾಗದವು ಒಂದೇ ಗುಂಪಿನಲ್ಲಿ ಸಿಗುತ್ತವೆ. ಏಪ್ರಿಲ್ ದಾಟಿದರೆ ಹೆಚ್ಚಿನವು ಹೋಗಿಬಿಟ್ಟಿರುತ್ತವೆ, ಮೇಲಿಂದ ಸೆಕೆ ಬೇರೆ.

ಇಲ್ಲೊಂದು ಫಜೀತಿ ಇದೆ. ಶಿವರಾತ್ರಿ ಬೀಳುವುದೇ ಅಮಾವಾಸ್ಯೆಯ ಹಿಂದಿನ ದಿನ. ಭರತದ ಲೆಕ್ಕದಲ್ಲಿ ಅದು ಬಹಳ ಒಳ್ಳೆಯ ವಾರ, ಆದರೆ ಪಕ್ಕದ ಗೋಕರ್ಣದಲ್ಲಿ ಆಗ ಕಾಲಿಡಲು ಜಾಗ ಇರುವುದಿಲ್ಲ, ರೂಮಿನ ಮಾತಂತೂ ಬಿಡಿ. ಹಾಗಾಗಿ ನಾನು ಹೋಳಿ ಹುಣ್ಣಿಮೆಯ ಕಡೆಗೆ ವಾಲುತ್ತೇನೆ. ಅದೃಷ್ಟ ಇದ್ದರೆ ಹಳ್ಳಿಯ ದಾರಿಯಲ್ಲಿ ತುರಾಯಿ ಕಟ್ಟಿಕೊಂಡು ಸುಗ್ಗಿ ಕುಣಿಯುವ ಹಾಲಕ್ಕಿ ಒಕ್ಕಲಿಗರ ಮೇಳವೂ ಎದುರಾಗುತ್ತದೆ. ಉಳಿಯುವುದಕ್ಕೆ ಕುಮಟಾ ಸಾಕು. ಬೆಂಗಳೂರಿನವರು ಶುಕ್ರವಾರ ಸಂಜೆ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಕುಮಟಾದಲ್ಲಿ ಇಳಿಯಬಹುದು.

ಜಾಗದ ಬಗ್ಗೆ ಎರಡು ಮಾತು. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿ ಹತ್ತಿರ ಕಡಲು ಸೇರುವ ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಸಿಹಿನೀರು, ಉಪ್ಪುನೀರು ಎರಡೂ ತಮ್ಮ ಪಾಡಿಗೆ ಬಂದು ಬೆರೆಯುತ್ತವೆ, ಕೆಸರಿನಲ್ಲಿ ಹುಳ, ಸಿಗಡಿ, ಬಳಚು (ಚಿಪ್ಪಿನ ಜೀವಿ) ಎಲ್ಲ ತುಂಬಿರುತ್ತದೆ, ಹಕ್ಕಿ ಬರುವುದು ಅದಕ್ಕೇ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. ಹಾಗಂತ ಇದು ಟಿಕೆಟ್ ತಗೊಂಡು ಒಳಗೆ ಹೋಗುವ ಪಕ್ಷಿಧಾಮ ಅಲ್ಲ. ಬಲೆ ಬೀಸುವವರು, ಸೊಂಟದವರೆಗಿನ ನೀರಲ್ಲಿ ನಿಂತು ಬಳಚು ಆರಿಸುವ ಹೆಂಗಸರು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರು, ಎಲ್ಲರ ಜಾಗ ಇದು. ಕ್ಯಾಮೆರಾ ಎತ್ತುವ ಮೊದಲು ಅಕ್ಕಾ, ಒಂದು ಫೋಟೋ ತೆಗೀಲಾ ಅಂತ ಕೇಳಿ. ಬೇಡ ಅಂದರೆ ಬೇಡ.

ಗೈಡ್ ಗೊತ್ತು ಮಾಡುವಾಗ ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ: ‘ನಾವು ಬರೋ ದಿನ ಭರತ ಎಷ್ಟು ಹೊತ್ತಿಗೆ?’ ತಕ್ಷಣ ಉತ್ತರ ಬಂದರೆ ಅರ್ಧ ಕೆಲಸ ಆಯಿತು. ‘ಯಾವಾಗ ಬಂದ್ರೂ ಹಕ್ಕಿ ಇರ್ತಾವೆ ಸರ್’ ಅಂದರೆ ಬೇರೆಯವರನ್ನು ಹುಡುಕಿ. ಆಮೇಲೆ ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡಿನ ಮೇಲಿಡುವ ದೂರದರ್ಶಕ) ಇದೆಯಾ, ದೋಣಿ ಬಾಡಿಗೆ ಅವರ ಫೀಸಿನಲ್ಲೇ ಸೇರಿದೆಯಾ, ಲೈಫ್ ಜಾಕೆಟ್ ಎಲ್ಲರಿಗೂ ಇದೆಯಾ, ಎಷ್ಟು ಜನರ ಗುಂಪು. ಎಂಟಕ್ಕಿಂತ ಜಾಸ್ತಿ ಜನ ಇದ್ದರೆ ನಾನು ಹೋಗುವುದಿಲ್ಲ. ಒಂದು ಸ್ಕೋಪಿಗೆ ಹದಿನೈದು ಜನ ಸಾಲು ನಿಂತು, ನಿಮ್ಮ ಸರದಿ ಬರುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ಸ್ಪೀಕರಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುತ್ತೇನೆ ಅನ್ನುವವರೂ ಇದ್ದಾರೆ. ಬೇಡ ಅಂತ ಮೊದಲೇ ಹೇಳಿಬಿಡಿ, ಅದರಲ್ಲಿ ಸಂಕೋಚ ಏನೂ ಬೇಡ.

ದುರ್ಬೀನು 8x42 ಇರಲಿ. 10x ಇದ್ದರೆ ಇನ್ನೂ ದೊಡ್ಡದಾಗಿ ಕಾಣುತ್ತದಲ್ವಾ ಅಂತ ಅನ್ನಿಸಬಹುದು, ಆದರೆ ದೋಣಿಯಲ್ಲಿ ಕೈ ನಡುಗುವುದೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಕೆಸರಿಗೆ ಬರಿಗಾಲಲ್ಲಿ ಇಳಿಯಬೇಡಿ. ಚಿಪ್ಪಿನ ಅಂಚು ಬ್ಲೇಡಿನ ಹಾಗಿರುತ್ತದೆ. ಹಿಂದೆ ಪಟ್ಟಿ ಇರುವ ಹಳೇ ಸ್ಯಾಂಡಲ್ ಒಳ್ಳೆಯದು, ಹವಾಯಿ ಚಪ್ಪಲಿಯನ್ನು ಕೆಸರು ನುಂಗಿಬಿಡುತ್ತದೆ. ಟೋಪಿ, ನೀರು, ಮಾಸಲು ಬಣ್ಣದ ಅಂಗಿ ಹೇಳಬೇಕಾಗಿಲ್ಲ.

ಶನಿವಾರ ರೈಲಿಳಿದು ಸ್ನಾನ, ತಿಂಡಿ ಮುಗಿಸುವಷ್ಟರಲ್ಲಿ ಭರತ ತುಂಬುತ್ತಾ ಬಂದಿರುತ್ತದೆ. ಆ ಹೊತ್ತಿಗೆ ದೋಣಿಗೆ ದುಡ್ಡು ಸುರಿಯಬೇಡಿ. ಕೆಸರು ಮುಳುಗಿದ ಮೇಲೆ ಹಕ್ಕಿಗಳು ಒಣ ಜಾಗ ಹುಡುಕಿಕೊಂಡು ಹೋಗುತ್ತವೆ, ಆ ಜಾಗಗಳಲ್ಲಿ ಒಂದು ಸಾಣಿಕಟ್ಟೆಯ ಉಪ್ಪಿನ ಆಗರ. ಆಗರದ ಕಚೇರಿಯಲ್ಲಿ ಒಂದು ಮಾತು ಕೇಳಿ ಒಳಗೆ ಹೋಗಿ. ಬದುವಿನ ಮೇಲೆ ಮಾತ್ರ ನಡೆಯಿರಿ, ಉಪ್ಪು ಕಟ್ಟುತ್ತಿರುವ ಪಾತಿಗೆ ಕಾಲು ಹಾಕಬೇಡಿ, ಅದು ಒಬ್ಬರ ದಿನದ ಕೂಲಿ. ಕೆಂಪು ಕೋಲುಗಳ ಮೇಲೆ ನಿಂತ ಹಾಗಿರುವ ಮೆಟ್ಟುಗಾಲು ಹಕ್ಕಿ, ಗುಬ್ಬಿ ಗಾತ್ರದ ಲಿಟ್ಲ್ ಸ್ಟಿಂಟ್‌ಗಳನ್ನು ಇಲ್ಲಿ ಹುಡುಕಿ. ಸಂಜೆ ತದಡಿ ಬಂದರು. ಬೋಟುಗಳು ಮೀನು ಇಳಿಸುವಾಗ ಗರುಡ, ಕಡಲಕ್ಕಿ, ರೀವ (ಟರ್ನ್) ಹಕ್ಕಿಗಳ ಗಲಾಟೆ ಕಣ್ಣೆದುರಿಗೇ ಇರುತ್ತದೆ. ಬೆಳಕಿನದೂ ಒಂದು ಲೆಕ್ಕ ಇದೆ. ಸೂರ್ಯ ಬೆನ್ನಿಗಿರಬೇಕು. ಸಂಜೆ ಕಡಲಿಗೆ ಮುಖ ಮಾಡಿದರೆ ಎಲ್ಲ ಹಕ್ಕಿಯೂ ಕಪ್ಪು. ಕಡಲಿನ ಕಡೆಯ ದಡದಲ್ಲಿ ನಿಂತು ಒಳಮುಖವಾಗಿ ನೋಡಿ, ಬೆಳಿಗ್ಗೆ ಇದರ ಉಲ್ಟಾ.

ಭಾನುವಾರ ಬೆಳಿಗ್ಗೆಯೇ ನಿಜವಾದ ಆಟ. ಆರೂವರೆಗೆ ದೋಣಿಯಲ್ಲಿರಬೇಕು. ಮೇಯುವ ಜಾಗ ಹತ್ತಿರ ಬರುತ್ತಿದ್ದಂತೆ ದೋಣಿಯವರಿಗೆ ‘ಅಣ್ಣಾ, ಇಂಜಿನ್ ಬಂದ್ ಮಾಡಿ, ಗಳ ಹಾಕಿ ಹೋಗೋಣ’ ಅನ್ನಿ. ಆಮೇಲೆ ನಿಲ್ಲಿಸಿ ಕಾಯಿರಿ. ಹಕ್ಕಿ ಮೇಯುವುದು ಬಿಟ್ಟು ತಲೆ ಎತ್ತಿ ನಿಂತಿತು ಅಂದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಅಂತ ಅರ್ಥ. ಹಾರುವ ಫೋಟೋ ಬೇಕು ಅಂತ ಎಬ್ಬಿಸುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಹಿಮಾಲಯ ದಾಟಬೇಕಾದ ಹಕ್ಕಿ ಅದು, ಇಲ್ಲಿ ತಿಂದು ಕೂಡಿಸಿಟ್ಟ ಕೊಬ್ಬೇ ಅದರ ದಾರಿ ಬುತ್ತಿ.

ಗುರುತು ಹಿಡಿಯಲು ಬಣ್ಣದಿಂದ ಶುರು ಮಾಡಬೇಡಿ. ಹೇಗೆ ತಿನ್ನುತ್ತಿದೆ ಅಂತ ನೋಡಿ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಒಂದು ಸಲ ಕುಕ್ಕಿ, ಮತ್ತೆ ಓಡಿದರೆ ಅದು ಪ್ಲವರ್ ಜಾತಿ. ತಲೆ ಎತ್ತದೆ ಹೊಲಿಗೆ ಮಿಷನ್ ಹಾಗೆ ಚುಚ್ಚುತ್ತಾ ಹೋದರೆ ಸ್ಟಿಂಟ್, ಸ್ಯಾಂಡ್‌ಪೈಪರ್ ಕಡೆಯವು. ಕೊಕ್ಕು ಮೇಲಕ್ಕೆ ಬಾಗಿದ್ದು ಹಳದಿ ಕಾಲಲ್ಲಿ ಗಡಿಬಿಡಿಯಿಂದ ಓಡಾಡುತ್ತಿದ್ದರೆ ಟೆರೆಕ್ ಸ್ಯಾಂಡ್‌ಪೈಪರ್. ಕೊಕ್ಕು ಕೆಳಕ್ಕೆ ಕುಡುಗೋಲಿನ ಹಾಗೆ ಬಾಗಿದ್ದು, ತಲೆಗಿಂತ ಮೂರು ಪಾಲು ಉದ್ದ ಇದ್ದರೆ ಕರ್ಲ್ಯೂ. ಅದೇ ತರಹ ಆದರೆ ಕೊಕ್ಕು ಗಿಡ್ಡ, ನೆತ್ತಿಯ ಮೇಲೆ ಪಟ್ಟೆ ಇದ್ದರೆ ವಿಂಬ್ರೆಲ್. ರೆಡ್‌ಶ್ಯಾಂಕ್‌ಗೆ ಕಿತ್ತಳೆ-ಕೆಂಪು ಕಾಲು, ಹಾರಿದಾಗ ರೆಕ್ಕೆಯ ಹಿಂದಿನ ಅಂಚು ಬೆಳ್ಳಗೆ ಮಿಂಚುತ್ತದೆ. ಎಲ್ಲಕ್ಕಿಂತ ಮೊದಲು ಕಿರುಚಿ ಊರಿಗೆಲ್ಲ ಸುದ್ದಿ ಮುಟ್ಟಿಸುವುದೂ ಅದೇ. ಅಂದಹಾಗೆ ಹಳೆಯ ಪುಸ್ತಕದಲ್ಲಿ ಲೆಸ್ಸರ್ ಸ್ಯಾಂಡ್ ಪ್ಲವರ್ ಅಂತ ಇರುವುದನ್ನು ಈಚೆಗೆ ಎರಡು ಜಾತಿಯಾಗಿ ಒಡೆದಿದ್ದಾರೆ, ನಮ್ಮ ಕಡೆಯದಕ್ಕೆ ಆ್ಯಪಿನಲ್ಲಿ ಟಿಬೆಟನ್ ಅಂತ ಬರುತ್ತದೆ. ಇದರ ಮೇಲೆ ದೋಣಿಯಲ್ಲಿ ಜಗಳ ಆಡಿದ ಅನುಭವ ಇರುವುದರಿಂದ ಹೇಳಿದೆ.

ಮೇಲೂ ಒಂದು ಕಣ್ಣಿಡಿ. ಕೆಳಗಿನ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು ಅಂದರೆ ಬಿಳಿಹೊಟ್ಟೆಯ ಕಡಲ ಹದ್ದು ಬಂದಿರಬಹುದು, ಅಗಲ ರೆಕ್ಕೆ, ಬಿಳಿ ಮೈ, ಗಿಡ್ಡ ಬಾಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ಮಿಂಚುಳ್ಳಿ ಹುಡುಕಿ. ಕರಿ ಟೊಪ್ಪಿಯದು ಸಿಕ್ಕರೆ ಆ ದಿನದ ದೋಣಿ ಬಾಡಿಗೆ ವಸೂಲಾಯಿತು.

ಲೆಕ್ಕ ಬರೆಯುವವರು ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆ ನೋಡಿ, ಅದೇ ಅಳತೆಯಲ್ಲಿ ಇಡೀ ಗುಂಪನ್ನು ಅಳೆಯಿರಿ. ‘ತುಂಬಾ ಇದ್ದವು’ ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. ಪಟ್ಟಿಯನ್ನು ಹಕ್ಕಿ ಲೆಕ್ಕ ದಾಖಲಿಸುವ ಈ-ಬರ್ಡ್ ಆ್ಯಪಿಗೆ ದಡದಲ್ಲೇ ಹಾಕಿಬಿಡಿ, ಮನೆಗೆ ಹೋಗಿ ಹಾಕುತ್ತೇನೆ ಅಂದದ್ದು ನನ್ನ ಕೈಯಲ್ಲಂತೂ ಒಮ್ಮೆಯೂ ಆಗಿಲ್ಲ. ಹನ್ನೊಂದರ ಹೊತ್ತಿಗೆ ನೀರು ತುಂಬಿ ಆಟ ಮುಗಿದಿರುತ್ತದೆ. ಮೀನೂಟ ಬೇಕಾದವರು ಒಂದು ಗಂಟೆಯೊಳಗೆ ಊಟದ ಮನೆ ಸೇರಿ, ತಡ ಮಾಡಿದರೆ ಬಂಗಡೆ ಖಾಲಿಯಾಗಿ ಬರೀ ಸಾರು ಉಳಿದಿರುತ್ತದೆ.