ಗಿಟಾರಿನ ಫ್ರೆಟ್ ಝರ್‌ಗುಟ್ಟಿದರೆ: ಅರ ಆಮೇಲೆ, ಕೊಡತಿ ಮೊದಲು

ಗಿಟಾರಿನ ನೆಕ್, ಅಂದರೆ ಉದ್ದನೆಯ ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಕಡ್ಡಿಗಳೇ ಫ್ರೆಟ್. ಒಂದೇ ಒಂದು ಜಾಗದಲ್ಲಿ ತಂತಿ ಝರ್ ಎನ್ನುತ್ತಿದ್ದರೆ ತಪ್ಪು ನೀವು ಒತ್ತಿದ ಫ್ರೆಟ್‌ನದಲ್ಲ, ಅದರ ಮುಂದಿನದ್ದು. ಐದನೆಯದನ್ನು ಒತ್ತಿದಾಗ ಸದ್ದು ಬಂದರೆ ಆರನೆಯದನ್ನು ನೋಡಿ. ಬೆರಳಿಡದೆ ಮೀಟಿದಾಗ ಮಾತ್ರ ಝರ್ ಎಂದರೆ ನೆಕ್ಕಿನ ತಲೆಯ ಬಳಿ ತಂತಿಗಳನ್ನು ಹೊತ್ತ ತುಂಡಿನ, ಅಂದರೆ ನಟ್‌ನ ಗೀರು ಆಳವಾಗಿದೆ, ಫ್ರೆಟ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ. ಮೊದಲ ನಾಲ್ಕೈದು ಫ್ರೆಟ್‌ಗಳುದ್ದಕ್ಕೂ ಬಂದರೆ ನೆಕ್ ತೀರಾ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಶ್ರುತಿ ಬಿರಡೆಯ ಸಡಿಲ ನಟ್ಟು, ತುಕ್ಕು ಹಿಡಿದ ತಂತಿ ಕೂಡ ಇದೇ ಸದ್ದು ಮಾಡುತ್ತವೆ; ಅವನ್ನು ಮೊದಲೇ ನೋಡಿಬಿಡಿ.

ಮುಂದಿನ ಕೆಲಸ ನೆಕ್ ಪರೀಕ್ಷೆ. ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ತಂತಿಯನ್ನು 14ನೇ ಫ್ರೆಟ್ ಮೇಲೆ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಮತ್ತು ತಂತಿಯ ನಡುವೆ ಸುಮಾರು 0.25 ಮಿ.ಮೀ. ಸಂದು ಇರಬೇಕು, ಅಂದರೆ ಹೆಚ್ಚುಕಡಿಮೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಸಂದೇ ಇಲ್ಲದಿದ್ದರೆ ಟ್ರಸ್ ರಾಡನ್ನು (ನೆಕ್ಕಿನ ಬಾಗು ಸರಿಪಡಿಸಲು ಅದರೊಳಗೆ ಹುದುಗಿಸಿದ ಸರಳು) ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ ಅಳೆಯಿರಿ. ಸಂದು ಹೆಚ್ಚಿದ್ದರೆ ಬಲಕ್ಕೆ. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ಬಿಗಿದು ನಿಂತರೆ ಬಲ ಹಾಕಲೂ ಬೇಡಿ; ಅಗ್ಗದ ಗಿಟಾರಿನ ರಾಡ್ ಮುರಿದರೆ ಅದನ್ನು ಬದಲಿಸುವ ಖರ್ಚಿಗೆ ಹೊಸ ಗಿಟಾರೇ ಬರುತ್ತದೆ. ಕೆಲವು ಗಿಟಾರುಗಳಲ್ಲಿ ತಿರುಗಿಸಬಲ್ಲ ರಾಡ್ ಇರುವುದೇ ಇಲ್ಲ.

ಎತ್ತರದ ಫ್ರೆಟ್ ಪತ್ತೆಗೆ ಬೇಕಾದ್ದು ನೇರ ಅಂಚಿನ ಚಿಕ್ಕ ಉಕ್ಕಿನ ಪಟ್ಟಿ. ತಂತಿ ಬಿಚ್ಚಿ, ನೆಕ್ಕನ್ನು ಆದಷ್ಟು ನೇರ ಮಾಡಿಕೊಂಡು, ಪಟ್ಟಿಯನ್ನು ಮೂರೇ ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ ಅಲ್ಲಾಡಿಸಿ. ಟಕ್ ಟಕ್ ಎಂದು ತೂಗಿದರೆ ನಡುವಿನದು ಎತ್ತರ. ಪ್ರತಿ ತಂತಿ ಹಾಯುವ ದಾರಿಯಲ್ಲೂ ಹೀಗೆ ನೋಡಬೇಕು, ಏಕೆಂದರೆ ಫ್ರೆಟ್ ಒಂದು ತುದಿಯಲ್ಲಿ ಮಾತ್ರ ಎದ್ದಿರುವುದೇ ಹೆಚ್ಚು. ಪೆಟ್ಟಿಗೆಯ ಕಡೆಗೆ ಹೋದಂತೆ ಫ್ರೆಟ್‌ಗಳು ಹತ್ತಿರವಾಗುವುದರಿಂದ ಅಲ್ಲಿಗೆ ಇನ್ನೂ ಗಿಡ್ಡ ಪಟ್ಟಿ ಬೇಕು. ಉದ್ದದ್ದಿಟ್ಟರೆ ನಾಲ್ಕು ಫ್ರೆಟ್ ಮುಟ್ಟಿ ದಾರಿ ತಪ್ಪಿಸುತ್ತದೆ.

ಎತ್ತರ ಕಂಡ ಕೂಡಲೇ ಅರ ಹಿಡಿಯುವುದೇ ಎಲ್ಲರೂ ಮಾಡುವ ತಪ್ಪು. ಅಗ್ಗದ ಗಿಟಾರಿನಲ್ಲಿ ಎದ್ದ ಫ್ರೆಟ್ ಬಹುಪಾಲು ಸರಿಯಾಗಿ ಕೂರದ ಫ್ರೆಟ್. ಅದನ್ನು ಉಜ್ಜಿ ಸಮ ಮಾಡಿದಿರಿ ಎನ್ನೋಣ. ನಾಳೆ ಅದು ಒಳಗೆ ಕೂತರೆ ಅಕ್ಕಪಕ್ಕದವುಗಳಿಗಿಂತ ತಗ್ಗಾಗುತ್ತದೆ, ಕಡಿದ ಲೋಹ ವಾಪಸ್ ಬರುವುದಿಲ್ಲ. ಆದ್ದರಿಂದ ದೀಪವನ್ನು ಪಕ್ಕದಿಂದ ಬೀಳುವಂತೆ ಇಟ್ಟು ಫ್ರೆಟ್‌ನ ಬುಡ ನೋಡಿ. ಲೋಹಕ್ಕೂ ಮರಕ್ಕೂ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಕಾಣುತ್ತದೆಯೇ? ತೆಳು ಕಾಗದದ ಮೂಲೆ ಒಳಗೆ ನುಸುಳುತ್ತದೆಯೇ? ಉಗುರಿನಿಂದ ತುದಿ ಒತ್ತಿದಾಗ ಆ ಗೆರೆ ಮುಚ್ಚಿ, ಬಿಟ್ಟಾಗ ತೆರೆದರೆ ಅನುಮಾನವೇ ಬೇಡ.

ಅಂಥದ್ದನ್ನು ಕೂರಿಸಲು ಪ್ಲಾಸ್ಟಿಕ್ ಮೂತಿಯ ಸುತ್ತಿಗೆ ಅಥವಾ ಚಿಕ್ಕ ಮರದ ಕೊಡತಿ ಸಾಕು. ನೆಕ್ ಕೆಳಗೆ, ಆ ಫ್ರೆಟ್‌ನ ನೇರಕ್ಕೇ, ಮರಳು ತುಂಬಿದ ಬಟ್ಟೆ ಚೀಲ ಇಡಿ. ಮಡಚಿದ ಟವೆಲ್ ಇಟ್ಟರೆ ಅರ್ಧ ಏಟನ್ನು ಅದೇ ನುಂಗುತ್ತದೆ. ಮೊದಲು ಎರಡು ತುದಿ, ಆಮೇಲೆ ನಡು. ನಡುವಿಗೇ ಮೊದಲು ಹೊಡೆದರೆ ತುದಿಗಳು ಚಿಮ್ಮಿ ಏಳುತ್ತವೆ. 14ನೇ ಫ್ರೆಟ್‌ನ ಆಚೆ, ಪೆಟ್ಟಿಗೆಯ ಮೇಲಿರುವವಕ್ಕೆ ಮಾತ್ರ ಹೊಡೆಯಬೇಡಿ. ಅಡಿಯಲ್ಲಿ ತೆಳು ಮರವಿದೆ.

ಹೊಡೆದ ಮೇಲೂ ಎದ್ದು ಬಂದರೆ ನೀರಿನಂತೆ ತೆಳುವಾದ ಸೂಪರ್ ಗ್ಲೂ ಬೇಕು, ಮಂದದ್ದು ಸಂದಿಗೆ ಇಳಿಯುವುದಿಲ್ಲ. ಅಕ್ಕಪಕ್ಕದ ಮರಕ್ಕೆ ಮೇಣ ತೆಳ್ಳಗೆ ಸವರಿ, ಸಂದಿಗೆ ಮೇಣ ತಾಗದಂತೆ ನೋಡಿಕೊಳ್ಳಿ. ಒಂದು ಹನಿ ಬುಡಕ್ಕೆ ತಾಗಿಸಿದರೆ ತಾನೇ ಒಳಗೆ ಹೀರಿಕೊಳ್ಳುತ್ತದೆ. ತಕ್ಷಣ ಮರದ ತುಂಡಿಟ್ಟು ಕ್ಲ್ಯಾಂಪ್ ಬಿಗಿದು ಅರ್ಧ ಗಂಟೆ ಬಿಡಿ. ಫ್ರೆಟ್‌ಬೋರ್ಡ್, ಅಂದರೆ ಫ್ರೆಟ್ ಕೂರಿಸಿದ ಹಲಗೆ, ಸಾಮಾನ್ಯವಾಗಿ ಕೊಂಚ ಉಬ್ಬಿರುತ್ತದೆ, ಹಾಗಾಗಿ ಚಪ್ಪಟೆ ತುಂಡು ನಡುವನ್ನು ಮಾತ್ರ ಒತ್ತುತ್ತದೆ. ತುಂಡಿನ ಅಡಿಭಾಗವನ್ನು ಆ ಉಬ್ಬಿಗೆ ಹೊಂದುವಷ್ಟು ಒಳಬಾಗಿಸಿ ಕೆತ್ತಿಕೊಳ್ಳಿ. ಉಕ್ಕಿದ ಅಂಟನ್ನು ಒಣಗಿದ ಮೇಲೆ ಬ್ಲೇಡಿನಿಂದ ಕೆರೆಯಿರಿ. ಅಸಿಟೋನ್ ಬೇಡ, ವಾರ್ನಿಷ್ ಕರಗುತ್ತದೆ.

ಇಷ್ಟಾದರೂ ಪಟ್ಟಿ ತೂಗಿದರೆ ಆಗ ಅರ. ಫ್ರೆಟ್‌ನ ಎರಡೂ ಬದಿ ಮಾಸ್ಕಿಂಗ್ ಟೇಪ್ ಹಚ್ಚಿ, ನೆತ್ತಿಗೆ ಮಾರ್ಕರ್ ಬಳಿದು, ನಯ ಅರದಿಂದ ಎತ್ತರವಿದ್ದಷ್ಟೇ ಜಾಗದಲ್ಲಿ ಎರಡು ಮೂರು ಸಲ ಎಳೆದು ಮತ್ತೆ ಅಳೆಯಿರಿ. ಇದರಿಂದ ನೆತ್ತಿ ಚಪ್ಪಟೆಯಾಗಿರುತ್ತದೆ. ಹಾಗೇ ಬಿಟ್ಟರೆ ತಂತಿ ಅಗಲಕ್ಕೆ ಮುಟ್ಟಿ ಸಿತಾರಿನಂತೆ ಝೇಂಕರಿಸುತ್ತದೆ, ಸ್ವರವೂ ಜರುಗುತ್ತದೆ. ಮತ್ತೆ ಮಾರ್ಕರ್ ಬಳಿದು, ಎರಡೂ ಭುಜಗಳನ್ನು ದುಂಡಗೆ ಮಾಡುತ್ತ, ನಡುವೆ ಮಸಿಯ ಸಣ್ಣ ಗೆರೆಯೊಂದು ಉಳಿಯುವವರೆಗೆ ತನ್ನಿ. ಗೆರೆ ಅಳಿಸಿದರೆ ಎತ್ತರವೇ ಹೋಯಿತು. ಆಮೇಲೆ 600, 1000, 2000 ನಂಬರಿನ ಎಮರಿ ಪೇಪರಿನಿಂದ ಹೊಳಪು. ಹೀಗೆ ಎದ್ದ ಫ್ರೆಟ್ ಐದಾರಿದ್ದರೆ ಒಂದೊಂದಾಗಿ ಉಜ್ಜುವುದು ವ್ಯರ್ಥ, ಉದ್ದದ ನೇರ ಪಟ್ಟಿಗೆ ಎಮರಿ ಅಂಟಿಸಿ ಎಲ್ಲವನ್ನೂ ಒಟ್ಟಿಗೆ ಸಮ ಮಾಡಬೇಕು. ಉಳಿದ ಎತ್ತರ ಅರ್ಧ ಮಿ.ಮೀ.ಗಿಂತ ಕಡಿಮೆಯಾದರೆ ಫ್ರೆಟ್ ಬದಲಿಸದೆ ಬೇರೆ ದಾರಿಯಿಲ್ಲ.

ಅಂಚಿನಲ್ಲಿ ಫ್ರೆಟ್ ತುದಿ ಕೈಗೆ ಚುಚ್ಚುವುದು ಬೇರೆಯೇ ತೊಂದರೆ: ಒಣ ಹವೆಗೆ ಮರ ಕುಗ್ಗಿದೆ, ಲೋಹ ಕುಗ್ಗಿಲ್ಲ. 45ರಿಂದ 55 ಶೇಕಡಾ ತೇವಾಂಶದಲ್ಲಿ ಎರಡು ವಾರ ಇಟ್ಟು ನೋಡಿ. ಇನ್ನೂ ಚುಚ್ಚಿದರೆ ಟೇಪ್ ಹಚ್ಚಿ, ನಯ ಅರವನ್ನು ಓರೆಯಾಗಿ ಹಿಡಿದು ಚೂಪು ತೆಗೆಯಿರಿ.

ಹೊಸ ತಂತಿ ಕಟ್ಟಿ ಒಂದು ದಿನ ಬಿಟ್ಟು ನೆಕ್ ಮತ್ತೊಮ್ಮೆ ಅಳೆಯಿರಿ. 12ನೇ ಫ್ರೆಟ್ ಮೇಲೆ ದಪ್ಪ ತಂತಿ 2.5, ಸಣ್ಣ ತಂತಿ 2 ಮಿ.ಮೀ. ಎತ್ತರದಲ್ಲಿದ್ದರೆ ಸರಿ. ಇದಕ್ಕಿಂತ ತಗ್ಗಿಸಿ, ಜೋರಾಗಿ ಬಾರಿಸಿದರೆ ಎಷ್ಟು ಚೆನ್ನಾದ ಫ್ರೆಟ್ ಆದರೂ ಝರ್ ಎನ್ನುತ್ತದೆ.